ರೌನಿ ತಿರುಗಿಸಿ ನೋಡದ ತೋಟಾ

ಹಾಂ, ಆನೆಕೋವಿಯ ತೋಟಾ ಈಗ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದಿರಲ್ಲ, ಅದಕ್ಕೆ ನನ್ನ ಉತ್ತರ ಒಂದೇ: ಅಡುಗೆಮನೆಯಲ್ಲಿ. ನಗಬೇಡಿ, ನಿಜ ಹೇಳುತ್ತಿದ್ದೇನೆ. ನಮ್ಮ ಸಂಗ್ರಹಕಾರರ ಸಂಘದ ಗಂಡಸರೆಲ್ಲ ಲೋಹ ಹುಡುಕುವ ಯಂತ್ರ ಹಿಡಿದು ಜೌಗು ನೆಲದಲ್ಲಿ ಮೊಣಕಾಲುದ್ದ ಹೂತುಕೊಂಡು ಹುಡುಕುತ್ತಾರೆ. ಇನ್ನು ಕೆಲವರು ಹರಾಜು, ಸಂತೆ ಅಂತ ಜರ್ಮನಿಯವರೆಗೂ ಹೋಗಿ ಬರುತ್ತಾರೆ. ರೌನಿ ಮೊಯ್ಲನೆನ್ ಮಾತ್ರ ಜನರ ಅಡುಗೆಮನೆಗೆ ಹೋಗಿ, ಕಾಫಿ ಕುಡಿದು, ಕಿಟಕಿಯ ಕಟ್ಟೆಯ ಮೇಲೆ ಕಣ್ಣಾಡಿಸುತ್ತಾಳೆ. ನಮ್ಮೆಲ್ಲರ ಪೆಟ್ಟಿಗೆಗಳನ್ನು ಒಟ್ಟು ಸೇರಿಸಿದರೂ ಅವಳ ಪೆಟ್ಟಿಗೆಯ ಅರ್ಧಕ್ಕೆ ಬರುವುದಿಲ್ಲ.

ಆ ಕೋವಿ ನೋಡಿದ್ದೀರಾ? ಟ್ಯಾಂಕಿನ ಉಕ್ಕನ್ನು ತೂತು ಮಾಡಲಿಕ್ಕೆಂದೇ ಮಾಡಿದ್ದು. ಐವತ್ತು ಕಿಲೋ ತೂಕ, ಕೆಳಗೆ ಹಿಮದ ಮೇಲೆ ಜಾರಲು ಹಲಗೆಕಾಲು. ಆನೆಯನ್ನು ಚಿತ್ರದಲ್ಲಿ ಬಿಟ್ಟು ಬೇರೆಲ್ಲೂ ಕಂಡಿರದ ನಮ್ಮ ಸೈನಿಕರು ಅದಕ್ಕೆ ಆನೆಕೋವಿ ಅಂತ ಹೆಸರಿಟ್ಟರು. ಅದರ ತೋಟಾ ಗೇಣುದ್ದ. ಗುಂಡು ಹಾರಿ ಹೋದ ಮೇಲೆ ಉಳಿಯುವ ಹಿತ್ತಾಳೆಯ ಕೊಳವೆ ಎಷ್ಟು ಚೆನ್ನಾಗಿರುತ್ತದೆ ಅಂದರೆ, ಅದನ್ನು ಕಾಡಿನಲ್ಲಿ ಬಿಟ್ಟು ಬರಲು ಯಾರಿಗೂ ಮನಸ್ಸಾಗಲಿಲ್ಲ. ಎರಡನೇ ಮಹಾಯುದ್ಧ ಮುಗಿಸಿ ಬಂದ ಗಂಡಸರು ಚೀಲದಲ್ಲಿ ಒಂದೊಂದು ಹಾಕಿಕೊಂಡು ಬಂದರು. ಮನೆಯ ಹೆಂಗಸರು ಅದಕ್ಕೆ ಒಂದೊಂದು ಕೆಲಸ ಕೊಟ್ಟರು. ಒಂದು ಮನೆಯಲ್ಲಿ ಹೂದಾನಿ, ಇನ್ನೊಂದರಲ್ಲಿ ಹೆಣಿಗೆ ಕಡ್ಡಿಗಳನ್ನು ಇಡುವ ಡಬ್ಬಿ, ಮತ್ತೊಂದರಲ್ಲಿ ಹಬೆಸ್ನಾನದ ಸೌನಾದಲ್ಲಿ ಬಿಸಿ ಕಲ್ಲಿಗೆ ನೀರು ಹುಯ್ಯುವ ಸೌಟಿನ ಹಿಡಿ. ಹಾಪವಾರ ಅನ್ನುವ ಹಳ್ಳಿಯ ಒಂದು ಮನೆಯಲ್ಲಂತೂ ಮುಂದಾಳು ಹಸುವಿನ ಕೊರಳ ಗಂಟೆಯೇ ಅದು.

ರೌನಿ ಮೂವತ್ತೆರಡು ವರ್ಷ ಪುಸ್ತಕದ ಬಸ್ಸು ಓಡಿಸಿದವಳು. ರಷ್ಯದ ಗಡಿಯ ಪಕ್ಕದ ನಮ್ಮ ಕೈನು ಸೀಮೆಯಲ್ಲಿ ಮನೆಗೂ ಮನೆಗೂ ನಡುವೆ ಐದಾರು ಕಿಲೋಮೀಟರು ಕಾಡು. ಗ್ರಂಥಾಲಯವೇ ಬಸ್ಸಿನಲ್ಲಿ ಕೂತು ಮನೆಬಾಗಿಲಿಗೆ ಹೋಗಬೇಕು. ಒಂದು ದಿನ ಯಾವುದೋ ಮನೆಯ ಮುದುಕಿ ಪುಸ್ತಕ ವಾಪಸ್ ಕೊಡುವಾಗ ಜೊತೆಗೆ ಬಿಳಿ ಗಂಟೆ ಹೂವಿನ ಗೊಂಚಲು ಕೊಟ್ಟಳು, ಹಿತ್ತಾಳೆ ಕೊಳವೆಯಲ್ಲಿ ನಿಲ್ಲಿಸಿ. ಸಂಜೆ ನೀರು ಚೆಲ್ಲಲು ಬಗ್ಗಿಸಿದಾಗ ತಳದಲ್ಲಿ ಕೊರೆದಿದ್ದ ಅಕ್ಷರ, ಅಂಕಿ ಕಂಡವು. ಇಸವಿ, ಕಾರ್ಖಾನೆಯ ಗುರುತು.

"ಪುಸ್ತಕದ ಬೆನ್ನ ಮೇಲೆ ನಂಬರ್ ಇರಲ್ವಾ, ಹಂಗೇ ಇತ್ತು," ಅಂದಿದ್ದಳು ನನ್ನ ಹತ್ತಿರ. "ನಂಬರ್ ಕಂಡ್ರೆ ನಂಗೆ ಕೈ ಸುಮ್ನಿರಲ್ಲ. ಇದರ ಹಿಂದಿನದು ಎಲ್ಲಿ, ಮುಂದಿನದು ಎಲ್ಲಿ ಅಂತ ಶುರುವಾಗ್ಬಿಡತ್ತೆ."

ಕೋವಿ ಅವಳಿಗೆ ಬೇಡ. ಕೋವಿಯ ಸದ್ದು ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ಅವಳಿಗೆ ಬೇಕಾದದ್ದು ಸಾಲು, ಒಂದೂ ಬಿಟ್ಟುಹೋಗದ ಸಾಲು.

ಅವಳ ಕ್ರಮ ಕೇಳಿ, ಇದನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಮೊದಲನೆಯದು, ಅವಳಾಗಿ ಯಾವತ್ತೂ ಕೇಳುವುದಿಲ್ಲ. ಮನೆಯವರೇ ಬಾಯಿ ಬಿಟ್ಟು ಕೊಡುತ್ತೇನೆ ಅನ್ನಬೇಕು. ಎರಡನೆಯದು, ಕೊಟ್ಟರೆ ಬದಲಿಗೆ ಅದೇ ಕೆಲಸ ಮಾಡುವ ವಸ್ತು ಕೊಡುತ್ತಾಳೆ. ಹೂದಾನಿಗೆ ಗಾಜಿನ ಹೂದಾನಿ, ಸೌಟಿಗೆ ಸೌಟು. ಹಾಪವಾರದ ಹಸುವಿಗೆ ಹೊಸ ಗಂಟೆ ಹುಡುಕಲು ನಾಲ್ಕು ತಿಂಗಳು ಹಿಡಿಯಿತಂತೆ. ತಂದ ಗಂಟೆಯ ದನಿ ಹಸುವಿಗೆ ಒಗ್ಗಲಿಲ್ಲ ಅಂತ ಅದನ್ನೂ ಬದಲಾಯಿಸಿಕೊಟ್ಟಳು. ಕಾರಿನ ಹಿಂದಿನ ಸೀಟಿನಲ್ಲಿ ಹಳೇ ಹೂದಾನಿಗಳು ಯಾವಾಗಲೂ ಗಿಲಿಗಿಲಿ ಅನ್ನುತ್ತಿರುತ್ತವೆ.

ಸಂಘದ ಸಭೆಯಲ್ಲಿ ಅವಳೊಬ್ಬಳೇ ಹೆಂಗಸು. ನಮ್ಮ ಕೌಕೊ ಅಂತ ಒಬ್ಬನಿದ್ದಾನೆ, ಅಳತೆಯ ಕಡ್ಡಿ ಜೇಬಿನಲ್ಲಿಟ್ಟುಕೊಂಡೇ ಓಡಾಡುವವನು. ಅವಳನ್ನು ಕಂಡರೆ ಕೆಣಕದೆ ಬಿಡುವುದಿಲ್ಲ.

"ಏನ್ ರೌನಿ, ಈ ಸಲ ಎಷ್ಟು ಅಜ್ಜೀರ ಹೂದಾನಿ ಹೊಡ್ಕೊಂಡ್ ಬಂದೆ?"

"ಐದು. ನಿಮ್ಮಮ್ಮನ ಮನೇಲಿ ಒಂದಿದೆ, ಬಕೆಟ್ಟಿನ ಹಿಡಿ. ನಿಂಗೆ ಕೊಡ್ತಿಲ್ಲ ಅಲ್ವಾ? ನಂಗೆ ಕೊಡ್ತೀನಿ ಅಂದಿದ್ದಾರೆ."

ಎಲ್ಲರೂ ನಕ್ಕರು. ಕೌಕೊ ಮಾತ್ರ ಕಾಫಿ ಲೋಟದೊಳಗೆ ಮುಖ ಇಟ್ಟ. ಅವನಮ್ಮ ನಿಜವಾಗಿಯೂ ಆ ಬಕೆಟ್ಟನ್ನು ಅವನಿಗೆ ಕೊಟ್ಟಿರಲಿಲ್ಲ.

ರೌನಿಯ ಪೆಟ್ಟಿಗೆಯಲ್ಲಿ ಹಸಿರು ಬಟ್ಟೆಯ ಮೇಲೆ ಗುಳಿಗಳಿವೆ, ಒಂದೊಂದು ಇಸವಿ, ಒಂದೊಂದು ಕಾರ್ಖಾನೆಗೆ ಒಂದೊಂದು ಗುಳಿ. ಪೋಲಿಷ್ ಕೋವಿಯ ಸಣ್ಣದು, ಇಂಗ್ಲಿಷ್ ಕೋವಿಯ ದಪ್ಪದ್ದು ಅಂತ ಪಕ್ಕದಲ್ಲಿ ಬೇರೆ ಸಾಲುಗಳೂ ಇವೆ. ಆನೆಕೋವಿಯ ಸಾಲಿನಲ್ಲಿ ಒಂದೇ ಗುಳಿ ಖಾಲಿ, ಎಲ್ಲಕ್ಕಿಂತ ಮೊದಲಿನದು. ನಲವತ್ತನೇ ಇಸವಿಯದು.

ಅದು ಎಲ್ಲಿದೆ ಅಂತ ಅವಳಿಗೆ ಹನ್ನೊಂದು ವರ್ಷದಿಂದ ಗೊತ್ತಿತ್ತು. ಅಂದರೆ, ನೂರಕ್ಕೆ ತೊಂಬತ್ತು ಪಾಲು ಗೊತ್ತಿತ್ತು. ನೆಸ್ತೋರಿಯ ಮನೆಯಲ್ಲಿ, ಒಲೆಯ ಕಟ್ಟೆಯ ಮೇಲೆ.

ಈಗ ನೆಸ್ತೋರಿಯ ವಿಷಯ ಹೇಳುತ್ತೇನೆ. ನೆಸ್ತೋರಿ ಸೆಪ್ಪಾನೆನ್‌ಗೆ ಎಂಬತ್ತೊಂದು. ಮರ ಕಡಿದು, ದಿಮ್ಮಿಗಳನ್ನು ನದಿಯಲ್ಲಿ ತೇಲಿಸಿಕೊಂಡು ಹೋಗುವ ಕೆಲಸ ಮಾಡಿದವನು. ಮದುವೆಯಾಗಲಿಲ್ಲ. ಅವನ ಮನೆ ರಸ್ತೆ ಮುಗಿಯುವಲ್ಲಿ, ಸರೋವರದ ಅಂಚಿನಲ್ಲಿದೆ. ರೌನಿಯ ಬಸ್ಸಿನ ಕೊನೆಯ ನಿಲ್ದಾಣ ಅದೇ, ಎರಡು ವಾರಕ್ಕೊಮ್ಮೆ, ಗುರುವಾರ ಬಿಟ್ಟು ಗುರುವಾರ. ನೆಸ್ತೋರಿ ಹಡಗು, ಸಮುದ್ರ ಅಂತ ಇದ್ದ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ್ದ. ಸಮುದ್ರ ಮಾತ್ರ ನೋಡಿರಲಿಲ್ಲ. ರೌನಿ ನಿವೃತ್ತಳಾದ ವರ್ಷವೇ ಪುಸ್ತಕದ ಬಸ್ಸನ್ನೂ ನಿಲ್ಲಿಸಿದರು. ಅವಳು ತನ್ನ ಕಾರಿನಲ್ಲೇ ಅವನಿಗೆ ಪುಸ್ತಕ ತಂದುಕೊಟ್ಟಳು, ಅದೇ ಗುರುವಾರ, ಅದೇ ಹನ್ನೊಂದು ಗಂಟೆಗೆ. ನಾಲ್ಕು ವರ್ಷ ಕಳೆದ ಮೇಲೆ ನೆಸ್ತೋರಿಯ ಕಣ್ಣು ಮಂಜಾಗಿ ಓದುವುದೇ ನಿಂತುಹೋಯಿತು.

ನಮ್ಮ ಕಡೆ ಕಾರಣವಿಲ್ಲದೆ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಗರಗಸ ಕೇಳಲು ಹೋಗಬಹುದು, ಮೀನು ಕೊಡಲು ಹೋಗಬಹುದು, ಸಾವಿನ ಸುದ್ದಿ ಹೇಳಲು ಹೋಗಬಹುದು. ಸುಮ್ಮನೆ ಹೋದರೆ ಇಡೀ ಮನೆಗೇ ಗಾಬರಿ. ಪುಸ್ತಕ ನಿಂತ ಮೇಲೆ ರೌನಿಗೆ ಆ ಮನೆಗೆ ಹೋಗಲು ಉಳಿದ ಕಾರಣ ಒಲೆಕಟ್ಟೆಯ ಮೇಲಿನ ತೋಟಾ ಒಂದೇ. ಅವಳು ಅದಕ್ಕಾಗಿ ಬರುತ್ತಾಳೆ ಅಂತ ನೆಸ್ತೋರಿಗೂ ಗೊತ್ತು. ಅವನು ಕೊಟ್ಟುಬಿಟ್ಟರೆ ಬದಲಿ ವಸ್ತು ಕೊಟ್ಟು, ಥ್ಯಾಂಕ್ಸ್ ಹೇಳಿ ಹೊರಡಬೇಕು, ಆಮೇಲೆ ಬರಲು ಕಾರಣ ಇಲ್ಲ. ಅವನು ಕೊಡುತ್ತಿರಲಿಲ್ಲ, ಇವಳು ಕೇಳುತ್ತಿರಲಿಲ್ಲ. ಹೀಗೇ ಏಳು ವರ್ಷ.

ಇನ್ನೊಂದು ಮಾತು. ಅದು ಬರೀ ಕೊಳವೆ ಅಲ್ಲ, ತುದಿಯಲ್ಲಿ ಗುಂಡು ಕೂತಿದ್ದ ಇಡೀ ತೋಟಾ. ಅಂಥವು ಬೇರೆ ಮನೆಗಳಲ್ಲೂ ಇವೆ. ಒಳಗಿನ ಮದ್ದು ತೆಗೆದು ಗುಂಡನ್ನು ಮತ್ತೆ ಸಿಕ್ಕಿಸಿ ಶೋಕಿಗೆ ಇಟ್ಟುಕೊಂಡವು. "ಕೋವಿ ಬಂದ ಮೊದಲ ವರ್ಷವೇ ನಮ್ಮ ಚಿಕ್ಕಪ್ಪ ಖಾಲಿ ಮಾಡಿ ತಂದದ್ದು," ಅಂದಿದ್ದ ನೆಸ್ತೋರಿ, ಮೊದಲ ಸಲ. ರೌನಿ ನಂಬಿದಳು. ನಮ್ಮಲ್ಲಿ ಯಾರೇ ಆದರೂ ತೋಟಾ ಕಂಡರೆ ಮೊದಲು ಮಾಡುವ ಕೆಲಸ ತಿರುಗಿಸಿ ತಳ ನೋಡುವುದು. ಕಣ್ಣು ಬಿಡುವ ಮೊದಲೇ ಕೈ ತಿರುಗಿಸಿರುತ್ತದೆ. ರೌನಿ ಮಾತ್ರ ಅದನ್ನು ಒಂದು ಸಲವೂ ಮುಟ್ಟಲಿಲ್ಲ. ಒಲೆಗೆ ಬೆನ್ನು ಹಾಕಿ ಕೂರುವ ಕುರ್ಚಿಯನ್ನೇ ಆರಿಸಿಕೊಂಡಳು. ತಳದಲ್ಲಿ ನಲವತ್ತು ಅಂತ ಕಂಡುಬಿಟ್ಟರೆ ಅನುಮಾನ ಮುಗಿದುಹೋಗುತ್ತದೆ, ಆಮೇಲೆ ತನ್ನ ಕೈಯನ್ನು ತಾನೇ ತಡೆಯಲಾರಳು ಅಂತ ಭಯ.

ಹೋದ ವರ್ಷ ಫೆಬ್ರವರಿ, ಮೈನಸ್ ಮೂವತ್ತೊಂದು ಡಿಗ್ರಿ. ರೌನಿ ಕಾರು ನಿಲ್ಲಿಸಿ ಜಗುಲಿ ಹತ್ತಿದಾಗ ಬಾಗಿಲಿನ ಅಗುಳಿ ಹೆಪ್ಪುಗಟ್ಟಿ ಕೂತಿತ್ತು. ಒಳಗಿನಿಂದ ನೆಸ್ತೋರಿ ಕೂಗಿದ.

"ತಡಿ ತಡಿ! ಎಳೀಬೇಡ, ಹಿಡಿ ಕಿತ್ಕೊಂಡ್ ಬರತ್ತೆ. ಒಂದೇಟು ಹಾಕ್ತೀನಿ."

"ಏನಲ್ಲಿ ಹಾಕ್ತೀಯೋ?"

"ಕೈಗೆ ಸಿಕ್ಕಿದ್ರಲ್ಲಿ!"

ಒಳಗೆ ಠಣ್ ಅಂತು, ಇನ್ನೊಂದು ಸಲ ಠಣ್. ಬಾಗಿಲು ಹಾರಿ ತೆರೆಯಿತು. ನೆಸ್ತೋರಿಯ ಎಡಗೈ ಆಗಲೇ ಎರಡು ವರ್ಷದಿಂದ ನಡುಗುತ್ತಿತ್ತು. ಕೈಯಲ್ಲಿದ್ದದ್ದು ಜಾರಿತು, ಹೊಸ್ತಿಲಿಗೆ ಬಡಿದು ಜಗುಲಿಯ ಹಲಗೆಗಳ ಮೇಲೆ ಉರುಳಿ, ರೌನಿಯ ಬೂಟಿನ ತುದಿಗೆ ತಾಗಿ ನಿಂತಿತು. ತಳ ಅವಳ ಕಡೆಗೆ.

ನಲವತ್ತು.

ಅದನ್ನು ಓದಿದ ಕಣ್ಣೇ ಇನ್ನೊಂದನ್ನೂ ಓದಿತು. ತಳದ ನಡುವೆ ಕೇಪು ಇರುತ್ತದೆ, ಸಣ್ಣ ಗುಂಡನೆಯ ಬಿಲ್ಲೆ. ಕೋವಿಯ ಮೊಳೆ ಬಡಿದಿದ್ದರೆ ಅಲ್ಲೊಂದು ಕುಳಿ ಬಿದ್ದಿರಬೇಕು. ಖಾಲಿ ಮಾಡಿ ಇಟ್ಟುಕೊಂಡದ್ದಾದರೆ ಆ ಕೇಪನ್ನು ತೆಗೆದಿರಬೇಕು ಅಥವಾ ಒಡೆದಿರಬೇಕು. ಇದರದ್ದು ಹೊಸ ನಾಣ್ಯದ ಹಾಗೆ ನುಣ್ಣಗಿತ್ತು. ಚಿಕ್ಕಪ್ಪ ಏನನ್ನೂ ಖಾಲಿ ಮಾಡಿರಲಿಲ್ಲ.

"ಎತ್ಕೊಡು," ಅಂದ ನೆಸ್ತೋರಿ. "ಬಗ್ಗಿದ್ರೆ ನಂಗೆ ತಲೆ ಸುತ್ತತ್ತೆ."

"ನೆಸ್ತೋರಿ. ಅಲ್ಲೇ ನಿಲ್ಲು."

"ಏನಾಯ್ತು?"

"ಇದು ಜೀವಂತ ಇದೆ."

ನೆಸ್ತೋರಿ ಕಣ್ಣು ಕಿರಿದು ಮಾಡಿ ನೋಡಿದ. ಅವನ ಕಣ್ಣಿಗೆ ಹಳದಿ ಗೆರೆ ಬಿಟ್ಟು ಇನ್ನೇನೂ ಕಾಣುವುದಿಲ್ಲ. "ಜೀವಂತ ಅಂದ್ರೆ? ಈಗ ತಾನೇ ಇದ್ರಲ್ಲಿ ಬಾಗಿಲು ಹೊಡ್ದೆ ಕಣೆ!"

"ಗೊತ್ತು. ಕೇಳಿಸ್ತು."

"ಹೋದ ವಾರ ಗೋಡೆಗೆ ಮೊಳೆ ಹೊಡ್ದಿದ್ದೀನಿ ಇದ್ರಲ್ಲೇ."

"ಸಾಕು, ಹೇಳ್ಬೇಡ."

ಅವಳು ತನ್ನ ಕೆಂಪು ಕೈಗವಸು ಬಿಚ್ಚಿ ಗುರುತಿಗೆ ಅದರ ಪಕ್ಕದಲ್ಲಿಟ್ಟಳು. ಮುಟ್ಟಲಿಲ್ಲ. ದಾಟಿಕೊಂಡು ಒಳಗೆ ಬಂದು ಬಾಗಿಲು ಮೆಲ್ಲಗೆ ಹಾಕಿದಳು. ಮೇಜಿನ ಮೇಲೆ ಎರಡು ಕಪ್ಪು ಆಗಲೇ ಇಟ್ಟಿತ್ತು, ಏಲಕ್ಕಿ ಬನ್ನು ಬಿಡಿಸಿಟ್ಟಿತ್ತು. ಫೋನು ಅವಳ ಜೇಬಿನಲ್ಲಿತ್ತು.

ಇಲ್ಲಿ ನಾನು ಅವಳನ್ನು ತುಂಬಾ ಸಲ ಕೇಳಿದ್ದೇನೆ, ಆಗ ಏನು ಯೋಚಿಸಿದೆ ಅಂತ. ಮುಚ್ಚುಮರೆ ಇಲ್ಲದೆ ಹೇಳಿದಳು. ಕೇಳಿದ್ದರೆ ನೆಸ್ತೋರಿ ಆ ಕ್ಷಣವೇ ತೋಟಾ ಕೊಟ್ಟುಬಿಡುತ್ತಿದ್ದ. ಗುಟ್ಟಾಗಿ ಖಾಲಿ ಮಾಡಿಕೊಡುವ ಕೈಗಳು ಸಂಘದಲ್ಲಿ ಇದ್ದವು. ಕಾನೂನಿಗೆ ತಪ್ಪು, ಪ್ರಾಣಕ್ಕೂ ಅಪಾಯ, ಆದರೆ ಮಾಡುವವರು ಇದ್ದರು. ಖಾಲಿ ಗುಳಿ ತುಂಬುತ್ತಿತ್ತು. ಫೋನು ಮಾಡಿದರೆ ಸೇನೆಯವರು ಬಂದು ಸಿಡಿಸುತ್ತಾರೆ. ಗುಳಿ ಖಾಲಿಯೇ ಉಳಿಯುತ್ತದೆ. ಹೇಗೆ ನೋಡಿದರೂ ಈ ಮನೆಗೆ ಬರಲು ಇನ್ನು ಕಾರಣ ಇಲ್ಲ.

"ಅದಕ್ಕೇ ಮೊದ್ಲು ಕಾಫಿ ಕುಡ್ದೆ," ಅಂದಳು.

ಹೌದು, ಕಾಫಿ ಕುಡಿದರು. ಹೊಸ್ತಿಲಾಚೆ ಎಂಬತ್ತು ವರ್ಷದ ಮದ್ದು ತುಂಬಿದ ತೋಟಾ ಮಲಗಿರುವಾಗ ಇಬ್ಬರೂ ಎದುರುಬದುರು ಕೂತು, ನಮ್ಮ ಕಡೆಯ ರೂಢಿಯಂತೆ ಗಿಣ್ಣಿನಂಥ ಚೀಸಿನ ತುಂಡುಗಳನ್ನು ಕಪ್ಪಿಗೆ ಹಾಕಿ, ಮೆತ್ತಗಾಗುವವರೆಗೆ ಕಾದು, ಚಮಚದಲ್ಲಿ ಎತ್ತಿ ತಿಂದರು. ನೆಸ್ತೋರಿ ಇನ್ನೊಂದು ಕಪ್ಪು ಹುಯ್ಯಲು ಬಂದ. ಅವಳು ಬೇಡ ಅನ್ನಲಿಲ್ಲ. ಅದೂ ಮುಗಿದ ಮೇಲೆ ಫೋನು ತೆಗೆದಳು.

ತುರ್ತು ಸೇವೆಯ ಹುಡುಗಿ ಕೇಳಿದ್ದು, "ವಸ್ತು ಈಗ ಎಲ್ಲಿದೆ?"

"ಜಗುಲಿ ಮೇಲೆ. ನನ್ನ ಕೈಗವಸಿನ ಪಕ್ಕ."

"ಇಷ್ಟು ದಿನ ಎಲ್ಲಿತ್ತು?"

"ಒಲೆ ಮೇಲೆ."

"ಒಲೆ... ಅಂದ್ರೆ, ಉರಿಯೋ ಒಲೆನಾ?"

"ಚಳಿಗಾಲ ಅಲ್ವೇನಮ್ಮಾ?"

ಹಿಂಬಾಗಿಲಿನಿಂದ ಹೊರಗೆ ಹೋಗಿ, ರಸ್ತೆಯಲ್ಲಿ ದೂರ ನಿಲ್ಲಿ ಅಂದರು. ಇಬ್ಬರೂ ರೌನಿಯ ಕಾರಿನಲ್ಲಿ ಕೂತು ಕಾದರು, ಮೂರು ಗಂಟೆ. ಮೊದಲು ಪೊಲೀಸರು ಬಂದರು, ಕೆಂಪು ಪಟ್ಟಿ ಕಟ್ಟಿದರು, ತಮ್ಮ ಗಾಡಿಯಲ್ಲಿ ಕೂತರು. ಹನ್ನೊಂದು ವರ್ಷದಲ್ಲಿ ಆ ಇಬ್ಬರೂ ಮೇಜಿನ ಎರಡು ಕಡೆ ಕೂತಿದ್ದರೇ ಹೊರತು ಅಕ್ಕಪಕ್ಕ ಕೂತಿದ್ದಿಲ್ಲ. ಹಿಂದಿನ ಸೀಟಿನಲ್ಲಿ ಹೂದಾನಿಗಳಿದ್ದವು. ಎಂಜಿನ್ ನಡುಗುವಾಗ ಅವು ಸಣ್ಣಗೆ ಸದ್ದು ಮಾಡುತ್ತಿದ್ದವು.

ನೆಸ್ತೋರಿ ಎದುರಿನ ಗಾಜು ನೋಡುತ್ತಲೇ ಹೇಳಿದ, "ಅದು ಕೊಟ್ಟಿಗೇಲಿತ್ತು."

"ಯಾವುದು?"

"ಅದೇ. ಎಪ್ಪತ್ತು ವರ್ಷ ಕೊಟ್ಟಿಗೇಲಿ, ಮೊಳೆ ಡಬ್ಬಿ ಜೊತೆ ಬಿದ್ದಿತ್ತು. ಬಸ್ಸು ನಿಂತ ವರ್ಷ ಒಳಗೆ ತಂದಿಟ್ಟೆ."

ರೌನಿ ತಿರುಗಿ ನೋಡಿದಳು.

"ಆ ಕಡೆ ಮನೇಲೆಲ್ಲ ನೀನು ಹಿತ್ತಾಳೆ ನೋಡ್ಕೊಂಡ್ ಕೂರ್ತೀಯ ಅಂತ ಕೇಳಿದ್ದೆ," ಅಂದ. "ನನ್ ಮನೇಲಿ ನೋಡೋಕೆ ಏನೂ ಇರ್ಲಿಲ್ಲ. ನಿನ್ ಕಣ್ಣಿಗೆ ಬೀಳ್ಲಿ ಅಂತ ಒಲೆ ಮೇಲಿಟ್ಟೆ. ನೀನು ಬೆನ್ನು ಹಾಕಿ ಕೂತೆ. ಮೊದಲ ದಿನಾನೇ."

"ಒಲೆ ಮೇಲೆ ಇಟ್ಯಲ್ಲೋ, ಹುಚ್ಚ," ಅಂದಳು. ಆಮೇಲೆ ಗಾಜಿನ ಮೇಲಿನ ಮಂಜು ಒರೆಸುತ್ತಾ, "ನಂಗೆ ಕಂಡಿತ್ತು. ಮೊದಲ ದಿನಾನೇ," ಅಂದಳು.

ಸೇನೆಯ ಗಾಡಿ ಬಂದಾಗ ಮಧ್ಯಾಹ್ನ ಮೂರು ದಾಟಿತ್ತು, ಬೆಳಕು ನೀಲಿಯಾಗುತ್ತಿತ್ತು. ಅದರಲ್ಲಿದ್ದ ಅಧಿಕಾರಿಗೆ ಇಪ್ಪತ್ತೈದು ಇರಬಹುದು, ರೆಪ್ಪೆಯ ಮೇಲೆಲ್ಲ ಹಿಮದ ಪುಡಿ. ತೋಟಾವನ್ನು ಮರಳು ತುಂಬಿದ ಪೆಟ್ಟಿಗೆಯಲ್ಲಿ ಇಡಿಸಿದ. ರೌನಿ ಕಾರಿನಿಂದ ಇಳಿದು ಅವನ ಹತ್ತಿರ ಹೋದಳು. ಜೀವನದಲ್ಲಿ ಮೊದಲ ಸಲ, ತೋಟಾ ಒಂದನ್ನು ಬಾಯಿಬಿಟ್ಟು ಕೇಳಿದಳು.

"ಮದ್ದು ತೆಗೆದು ಬರೀ ಕೊಳವೆ ಕೊಡೋಕಾಗತ್ತಾ?"

"ಅಮ್ಮಾ, ಇಷ್ಟು ಹಳೇದನ್ನ ನಾವು ಬಿಚ್ಚಲ್ಲ. ನನ್ನ ಹುಡುಗರ ಬೆರಳು ನಂಗೆ ಬೇಕು."

"ಹೌದು. ಸರಿ."

ಅವನಿಗೆ ಪಾಪ ಅನ್ನಿಸಿರಬೇಕು. "ತಳದ್ದು ಒಂದು ಫೋಟೋ ತೆಗ್ದು ಕೊಡ್ಲಾ?"

"ಬೇಡಪ್ಪ. ಪುಸ್ತಕದ ರಟ್ಟಿನ ಫೋಟೋ ಇಟ್ಕೊಂಡು ಏನು ಮಾಡ್ಲಿ?"

ಅರ್ಧ ಕಿಲೋಮೀಟರ್ ಆಚೆಯ ಜಲ್ಲಿ ಗುಂಡಿಗೆ ಒಯ್ದರು. ಸದ್ದು ಬಂತು, ಯಾರೋ ದಪ್ಪ ಬಾಗಿಲು ಹಾಕಿದಷ್ಟು. ಹತ್ತಿರದ ಎರಡು ಮರಗಳಿಂದ ಹಿಮ ಜಾರಿ ಬಿತ್ತು, ಅಷ್ಟೇ.

"ಇಷ್ಟೇನಾ?" ಅಂದ ನೆಸ್ತೋರಿ.

"ಇಷ್ಟೇ."

ಸುದ್ದಿ ಸಂಘಕ್ಕೆ ಮುಟ್ಟಿತು. ಕೌಕೊ ಫೋನಿನಲ್ಲಿ ಕೂಗಾಡಿದ. "ನಲವತ್ತರದ್ದು! ನಲವತ್ತರದ್ದು ಕಣೆ! ನಂಗೊಂದು ಮಾತು ಹೇಳ್ಬಾರ್ದಿತ್ತಾ, ಅವ್ರಿಗೆ ಕೊಡೋ ಮುಂಚೆ?" ರೌನಿ ಫೋನು ಇಟ್ಟಳು. ನಾನೂ ಮನಸ್ಸಿನಲ್ಲಿ ಅವನ ಹಾಗೇ ಅಂದುಕೊಂಡವನು, ಸುಳ್ಳು ಹೇಳಲಾರೆ. ಒಂದು ತೋಟಾ ಹೋಯಿತಲ್ಲ ಅಂತ ನಾವೆಲ್ಲ ಸಂಕಟಪಟ್ಟೆವು. ಅವಳಿಗೆ ಏನು ಹೋಯಿತು ಅಂತ ಯಾರೂ ಕೇಳಲಿಲ್ಲ.

ಮುಂದಿನ ಸರದಿಯ ಗುರುವಾರ ರೌನಿ ಎಂದಿನಂತೆ ಎದ್ದಳು, ಕೋಟು ಹಾಕಿದಳು, ಕಾರು ಬಿಸಿ ಮಾಡಿದಳು. ತಿರುವಿನವರೆಗೆ ಹೋಗಿ, ಅಂಗಡಿಯ ಮುಂದೆ ನಿಲ್ಲಿಸಿ, ಬೇಡದಿದ್ದರೂ ಒಂದು ಪೊಟ್ಟಣ ಯೀಸ್ಟು ಕೊಂಡು ವಾಪಸ್ ಬಂದಳು. ಅಂಗಡಿಯವಳು ಕೇಳಿದಳಂತೆ, "ಇವತ್ತು ಸೆಪ್ಪಾನೆನ್ ಮನೆಗೆ ಹೋಗಿಲ್ವಾ?" ಅಂತ. "ಅಲ್ಲೇನೂ ಇಲ್ಲ ಈಗ," ಅಂದಳು ರೌನಿ. ಅದರ ಮುಂದಿನ ಸರದಿಗೂ ಹಾಗೇ ಆಯಿತು. ಮೂರನೆಯ ಸರದಿಗೆ ಕೋಟೇ ಹಾಕಲಿಲ್ಲ. ಅಡುಗೆಮನೆಯಲ್ಲಿ ರೇಡಿಯೋ ಹಚ್ಚಿ ಪೆಟ್ಟಿಗೆ ತೆಗೆದು, ಸಾಲಿನ ಎಲ್ಲವನ್ನೂ ಒಂದೊಂದಾಗಿ ಬಟ್ಟೆಯಲ್ಲಿ ಒರೆಸಿದಳು. ಒರೆಸಲು ಇಡೀ ದಿನ ಬೇಕಾಗುತ್ತದೆ ಅಂದುಕೊಂಡಿದ್ದಳು. ಹನ್ನೊಂದೂವರೆಗೇ ಮುಗಿದುಹೋಯಿತು. ಆಮೇಲೆ ಮತ್ತೆ ಮೊದಲಿನಿಂದ ಒರೆಸಿದಳು. ಇದನ್ನು ಹೇಳುವಾಗ ನಕ್ಕಳು. ನನಗೆ ನಗು ಬರಲಿಲ್ಲ.

ಆ ಕಡೆ ನೆಸ್ತೋರಿಯೂ ಪ್ರತಿ ಸರದಿ ಎರಡು ಕಪ್ಪು ಇಟ್ಟು ಕಾದನೋ ಇಲ್ಲವೋ, ನಾನು ಕೇಳಿದರೆ ಅವನು ಹೇಳಲಿಲ್ಲ. "ಚಳಿ ಜಾಸ್ತಿ ಇತ್ತು," ಅಂದ, ಅಷ್ಟೇ. ಫೋನು ಅವನ ಹತ್ತಿರವೂ ಇತ್ತು, ಇವಳ ಹತ್ತಿರವೂ ಇತ್ತು. ಆದರೆ ಫೋನು ಮಾಡುವುದಕ್ಕೂ ಒಂದು ಕಾರಣ ಬೇಕಲ್ಲ.

ನಾಲ್ಕನೆಯ ಸರದಿ ಬಂದಾಗ ಏಪ್ರಿಲ್ ಹತ್ತಿರ, ಸೂರಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ರೌನಿ ತಿರುವು ದಾಟಿ ಹೋದಳು. ನೆಸ್ತೋರಿಯ ಅಂಗಳದಲ್ಲಿ ಕಾರು ನಿಲ್ಲಿಸಿ, ಇಳಿಯದೆ, ಎಂಜಿನ್ ಆರಿಸದೆ ಕೂತಳು. ಹತ್ತು ನಿಮಿಷ ಅಂತ ಅವಳು ಹೇಳುತ್ತಾಳೆ, ಅರ್ಧ ಗಂಟೆ ಅಂತ ಅವನು ಹೇಳುತ್ತಾನೆ. ಕೊನೆಗೆ ಅವನೇ ಜಗುಲಿಗೆ ಬಂದ, ಕೋಲೂರಿಕೊಂಡು ಮೆಟ್ಟಿಲಿಳಿದು ಕಾರಿನ ಕಿಟಕಿ ತಟ್ಟಿದ. ಇವಳು ಗಾಜು ಇಳಿಸಿದಳು.

"ಯಾರಾದ್ರೂ ಹೋಗ್ಬಿಟ್ರಾ?"

"ಇಲ್ಲ."

"ಗರಗಸ ಬೇಕಿತ್ತಾ?"

"ಬೇಡ."

"ಮತ್ತೇನು?"

"ಏನಿಲ್ಲ. ಸುಮ್ನೆ ಬಂದೆ."

ನೆಸ್ತೋರಿ ಕಾರಿನ ಬಾಗಿಲು ಹಿಡಿದುಕೊಂಡು ಯೋಚಿಸಿದ. ನಿಜವಾಗಿಯೂ ಯೋಚಿಸಿದ, ಗೊತ್ತಿಲ್ಲದ ಪದ ಕೇಳಿದವನ ಹಾಗೆ.

"ಸುಮ್ನೆ ಬಂದೋರಿಗೆ ಏನ್ ಮಾಡ್ತಾರೆ?"

"ನಂಗೇನು ಗೊತ್ತು? ನಾನೂ ಇದೇ ಮೊದಲು."

"ಮೊದ್ಲು ಎಂಜಿನ್ ಆರ್ಸು. ಹೊಗೆ ಒಳಗೆ ಬರ್ತಿದೆ."

ಒಳಗೆ ಕೂತರು. ರೌನಿ ಈ ಸಲ ಒಲೆಯ ಕಡೆ ಮುಖ ಮಾಡಿ ಕೂತಳು. ಅಲ್ಲಿ ಬರೀ ಕಟ್ಟೆ, ಮೇಲೊಂದು ಬೆಂಕಿಪೊಟ್ಟಣ. ಮಾತಾಡಲು ಏನೂ ಇರಲಿಲ್ಲ. ಇಬ್ಬರಿಗೂ ಅದು ತುಂಬಾ ಕಷ್ಟವಾಯಿತಂತೆ. ಸಣ್ಣ ಮೀನು ಈ ವರ್ಷ ಹೇಗೆ ಅಂತ ಇವಳು ಕೇಳಿದಳು, ಇನ್ನೂ ಬಲೆ ಹಾಕಿಲ್ಲ ಅಂತ ಅವನು ಹೇಳಿದ. ಅದಾದ ಮೇಲೆ ಗಡಿಯಾರದ ಸದ್ದೊಂದೇ. ಒಂದು ಗಂಟೆ ಇಪ್ಪತ್ತು ನಿಮಿಷ ಕೂತು ಎದ್ದಳು. ಬಾಗಿಲಲ್ಲಿ ಅವನು, "ಗುರುವಾರ ಬಿಟ್ಟು ಗುರುವಾರ," ಅಂದ. ಬರುತ್ತೀಯಾ ಅಂತ ಕೇಳಿದ್ದೋ, ಬಾ ಅಂತ ಹೇಳಿದ್ದೋ ಅವಳಿಗೆ ತಿಳಿಯಲಿಲ್ಲ. "ಹ್ಮ್," ಅಂದಳು.

ಇಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ವಾಪಸ್ ಬರುವ ನಲವತ್ತು ಕಿಲೋಮೀಟರ್ ರಸ್ತೆ ಅಷ್ಟೇ ಉದ್ದ ಇದೆ, ಕೊನೆಯಲ್ಲಿ ಅವಳೊಬ್ಬಳೇ ಇರುವ ಅದೇ ಕತ್ತಲ ಅಡುಗೆಮನೆ ಇದೆ. ಹಸಿರು ಬಟ್ಟೆಯ ಮೇಲೆ ಮೊದಲ ಗುಳಿ ಈಗಲೂ ಖಾಲಿ. ಬೇರೆ ಮನೆಗಳಲ್ಲಿ ಹಿತ್ತಾಳೆ ಮುಗಿಯುತ್ತಾ ಬಂತು, ಮುದುಕಿಯರೂ ಮುಗಿಯುತ್ತಾ ಬಂದರು. ಸಭೆಗೂ ಅವಳು ಈಗ ಕಡಿಮೆ ಬರುತ್ತಾಳೆ. ನೆಸ್ತೋರಿಯ ಕೈ ಹೆಚ್ಚು ನಡುಗುತ್ತದೆ, ಕಪ್ಪು ಎರಡೂ ಕೈಯಲ್ಲಿ ಹಿಡಿಯಬೇಕು. ಹೋದ ಸಲವೂ ಇಬ್ಬರಿಗೂ ಮಾತು ಸಿಗಲಿಲ್ಲವಂತೆ. ಆದರೂ ಹೋಗುತ್ತಾಳೆ.

ನೀವು ಆ ಕಡೆ ಹೋದರೆ ಅವಳನ್ನು ನೋಡಿ ಬನ್ನಿ. ಗುರುವಾರ ಬೇಡ, ಮನೆಯಲ್ಲಿ ಇರುವುದಿಲ್ಲ. ಬುಧವಾರ ಹೋಗಿ. ಅಂಗಡಿಯ ತಿರುವಿನಲ್ಲಿ ಎಡಕ್ಕೆ ಹಳದಿ ಮನೆ, ಅಂಗಳದ ಕಾರಿನಲ್ಲಿ ಹೂದಾನಿಗಳು ಕಾಣುತ್ತವೆ. ಏನು ಬೇಕಿತ್ತು ಅಂತ ಕೇಳುತ್ತಾಳೆ. ತೋಟಾ ನೋಡಲು ಬಂದೆ ಅನ್ನಬೇಡಿ. ಸುಮ್ಮನೆ ಬಂದೆ ಅನ್ನಿ. ಅದು ಅವಳ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಬಾಗಿಲಲ್ಲೇ ನಿಲ್ಲಿಸಿ ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾಳೆ. ಚಳಿಯಾದರೂ ಪರವಾಗಿಲ್ಲ, ನಿಂತಿರಿ. ಒಳಗೆ ಕರೆಯುತ್ತಾಳೆ.